ರಕ್ತದ ಗುರುತುಗಳು ಮತ್ತು ವ್ಯಾಪ್ತಿಯ ಪ್ರಶ್ನೆ

ಎರಡು ಲಕ್ಷಣಗಳು ಸದಾ ಒಟ್ಟಿಗೆ ಕಂಡರೆ ಒಂದರಿಂದ ಇನ್ನೊಂದನ್ನು ಊಹಿಸಬಹುದೇ? ಭಾರತೀಯ ತರ್ಕಶಾಸ್ತ್ರ ಇದನ್ನು ವ್ಯಾಪ್ತಿಯ, ಅಂದರೆ ತಪ್ಪದ ಸಂಬಂಧದ, ಪ್ರಶ್ನೆಯೆಂದು ಕರೆಯಿತು. ಇಂಥ ಊಹೆಗೆ ಆಧಾರವೇ ಇಲ್ಲವೆಂದರು ಚಾರ್ವಾಕರು. 7ನೆಯ ಶತಮಾನದ ಬೌದ್ಧ ದಾರ್ಶನಿಕ ಧರ್ಮಕೀರ್ತಿ, ತಪ್ಪದ ಸಂಬಂಧಕ್ಕೆ ಎರಡೇ ನೆಲೆಗಳೆಂದ: ಎರಡೂ ವಸ್ತುತಃ ಒಂದೇ ಆಗಿರುವ ತಾದಾತ್ಮ್ಯ, ಒಂದು ಇನ್ನೊಂದರಿಂದ ಹುಟ್ಟುವ ತದುತ್ಪತ್ತಿ. ನ್ಯಾಯದರ್ಶನದ ನೈಯಾಯಿಕರು ಒಪ್ಪಲಿಲ್ಲ. ಅಪವಾದ ಕಾಣದ ಸಾಹಚರ್ಯವೇ ಸಾಕು, ಆದರೆ ಹಿಂದೆ ಉಪಾಧಿ, ಅಂದರೆ ಮರೆಯಲ್ಲಿರುವ ಬೇರೊಂದು ನಿಮಿತ್ತ, ಇರಬಾರದು ಎಂದರು.

ಈ ವಾದಕ್ಕೆ ರಕ್ತದ ಗುಂಪುಗಳೂ ಎಚ್‌ಎಲ್‌ಎ ಎಂಬ ಅಂಗಾಂಶದ ಗುರುತುಗಳೂ ಒಳ್ಳೆಯ ಒರೆಗಲ್ಲು. ಎಬಿಒ ಗುಂಪಿನ ಜೀನ್ 9ನೆಯ ಕ್ರೋಮೋಸೋಮಿನಲ್ಲಿದೆ, ಎಚ್‌ಎಲ್‌ಎ ಜೀನ್‌ಗಳು 6ನೆಯದರಲ್ಲಿ. ಎರಡಕ್ಕೂ ಆನುವಂಶಿಕ ನಂಟಿಲ್ಲ. ಕೆಂಪು ರಕ್ತಕಣದ ಮೇಲಿನ ಬಿಜಿಎ ಆಂಟಿಜೆನ್ ಮಾತ್ರ ಎಚ್‌ಎಲ್‌ಎ-ಬಿ7 ತಾನೇ. ಅಲ್ಲಿರುವುದು ತಾದಾತ್ಮ್ಯ.

ತೊಡಕು ಬರುವುದು ಕೆಂಪುಕಣದ ಮೇಲೆ ಕಾಣುವ ಚಿಡೊ, ರಾಜರ್ಸ್ ಎಂಬ ಆಂಟಿಜೆನ್‌ಗಳಲ್ಲಿ. ಕುಟುಂಬಗಳಲ್ಲಿ ಇವು ಎಚ್‌ಎಲ್‌ಎ ಜೊತೆಗೇ ಇಳಿದುಬರುತ್ತವೆಂದು 1970ರ ದಶಕದಲ್ಲಿ ಗೊತ್ತಾಯಿತು. ಇವು ಕೆಂಪುಕಣ ತಯಾರಿಸಿದ ವಸ್ತುವೇ ಅಲ್ಲ, ಪ್ಲಾಸ್ಮಾದಲ್ಲಿರುವ ಸಿ4 ಪ್ರೋಟೀನಿನ ತುಣುಕುಗಳು ಕಣಕ್ಕೆ ಬಂದು ಅಂಟಿಕೊಂಡಿವೆ ಎಂಬುದು 1978ರಲ್ಲಿ ತಿಳಿಯಿತು. ಸಿ4 ಜೀನ್‌ಗಳು 6ನೆಯ ಕ್ರೋಮೋಸೋಮಿನಲ್ಲಿ ಎಚ್‌ಎಲ್‌ಎ-ಬಿ ಮತ್ತು ಎಚ್‌ಎಲ್‌ಎ-ಡಿಆರ್ ಜೀನ್‌ಗಳ ನಡುವೆ ಇವೆ. ಇಲ್ಲಿ ಒಂದು ಇನ್ನೊಂದನ್ನು ಹುಟ್ಟಿಸುವುದಿಲ್ಲ, ಎರಡೂ ಒಂದೇ ಅಲ್ಲ. ಇರುವುದು ಬರಿಯ ನೆರೆಹೊರೆ.

ಧರ್ಮಕೀರ್ತಿಯಲ್ಲಿ ಇದಕ್ಕೂ ಉತ್ತರವಿದೆ. ಹಣ್ಣಿನ ರುಚಿಯಿಂದ ಅದರ ಬಣ್ಣವನ್ನು ಊಹಿಸಬಹುದು, ಏಕೆಂದರೆ ಎರಡೂ ಒಂದೇ ಕಾರಣಸಾಮಗ್ರಿಯಿಂದ ಬಂದವು. ಇಲ್ಲಿ ಆ ಸಾಮಗ್ರಿ, ತಂದೆಯಿಂದಲೋ ತಾಯಿಯಿಂದಲೋ ಇಡಿಯಾಗಿ ಬಂದ ಕ್ರೋಮೋಸೋಮಿನ ತುಂಡು. ಆದರೆ ಅಂಡಾಣು, ವೀರ್ಯಾಣುಗಳು ರೂಪುಗೊಳ್ಳುವಾಗ ಜೋಡಿ ಕ್ರೋಮೋಸೋಮ್‌ಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಹತ್ತಿರದ ಜೀನ್‌ಗಳೂ ಆಗೊಮ್ಮೆ ಈಗೊಮ್ಮೆ ಬೇರಾಗುತ್ತವೆ. ಹಾಗಾಗಿ ಈ ನಂಟು ಎಷ್ಟೇ ಗಟ್ಟಿಯಾಗಿದ್ದರೂ ವ್ಯಾಪ್ತಿಯಲ್ಲ.

ಉಪಾಧಿಯ ಬಗ್ಗೆ ನೈಯಾಯಿಕರು ಕೊಟ್ಟ ಎಚ್ಚರಿಕೆಯ ಬೆಲೆ ರೋಗಗಳ ವಿಷಯದಲ್ಲಿ ತಿಳಿಯುತ್ತದೆ. ಯುರೋಪ್ ಮೂಲದವರಲ್ಲಿ ಎ1, ಬಿ8, ಡಿಆರ್3 ಎಂಬ ಎಚ್‌ಎಲ್‌ಎ ಗುರುತುಗಳು ಹಲವೊಮ್ಮೆ ಒಂದೇ ಸರಣಿಯಾಗಿ ಇಳಿಯುತ್ತವೆ, ಆ ಸರಣಿಯಲ್ಲಿ ಸಾಮಾನ್ಯವಾಗಿ ಸಿ4ಎ ಜೀನ್ ಇರುವುದಿಲ್ಲ. ಈ ಸರಣಿಯನ್ನು ಹೊತ್ತವರಿಗೆ ಲೂಪಸ್ ಕಾಯಿಲೆಯ ಅಪಾಯ ಹೆಚ್ಚು. ಅಪಾಯ ಡಿಆರ್3ರದೋ, ಸಿ4ಎ ಕೊರತೆಯದೋ? ಸಾಹಚರ್ಯವನ್ನು ಎಷ್ಟು ಎಣಿಸಿದರೂ ಉತ್ತರ ಸಿಗದು. ಎರಡೂ ಬೇರ್ಪಟ್ಟಿರುವ ಜನರನ್ನು ಪರೀಕ್ಷಿಸಬೇಕು.

ಅಂಗಾಂಗ ಕಸಿಯಲ್ಲೂ ಹೀಗೆಯೇ: ರಕ್ತದ ಗುಂಪು ಹೊಂದಿದರೆ ಮೂತ್ರಪಿಂಡವೂ ಹೊಂದುತ್ತದೆಂಬ ಊಹೆಗೆ ಆಧಾರವಿಲ್ಲ. ಒಡಹುಟ್ಟಿದವರಲ್ಲಿ ಎಚ್‌ಎಲ್‌ಎ ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಅದನ್ನು ರಕ್ತದ ಗುಂಪಿನಿಂದ ಬೇರೆಯಾಗಿಯೇ ಪರೀಕ್ಷಿಸುತ್ತಾರೆ.