ಜ್ಞಾನಿಗೆ ದೇವಾಲಯವೇಕೆ?

ಭಗವಂತನು ಸರ್ವಾಂತರ್ಯಾಮಿಯೆಂದು ಬಲ್ಲವನಿಗೆ ಕಲ್ಲಿನ ಗುಡಿ ಏತಕ್ಕೆ? ಜೀರ್ಣೋದ್ಧಾರದ ಕಾಲದಲ್ಲಿ ಈ ಪ್ರಶ್ನೆ ಏಳದ ಊರಿಲ್ಲ. ಕೇಳುವವನು ನಾಸ್ತಿಕನೇ ಆಗಿರಬೇಕೆಂದಿಲ್ಲ. ಅನೇಕ ವೇಳೆ ಜ್ಞಾನಾಭಿಮಾನಿಯೇ ಕೇಳುತ್ತಾನೆ. ಹದಿನೇಳು ಶತಮಾನಗಳ ಹಿಂದೆ ರೋಮ್ ನಗರದಲ್ಲಿ ಗ್ರೀಕ್ ತತ್ತ್ವಜ್ಞರ ನಡುವೆಯೂ ಇದಕ್ಕೆ ಹತ್ತಿರದ ಚರ್ಚೆಯೊಂದು ನಡೆದಿತ್ತು.

ಆ ಚರ್ಚೆಯ ನಾಯಕನು ಪ್ಲೇಟೋವಿನ ಪರಂಪರೆಗೆ ಸೇರಿದ ಪ್ಲೋಟಿನಸ್. ಭಾರತೀಯ ತತ್ತ್ವವನ್ನು ಅರಿಯುವ ಹಂಬಲದಿಂದ ಇವನು 243ರಲ್ಲಿ ಗೋರ್ಡಿಯನ್ ಚಕ್ರವರ್ತಿಯ ದಂಡಿನೊಡನೆ ಪೂರ್ವಕ್ಕೆ ಹೊರಟನು. ಚಕ್ರವರ್ತಿ ಮಡಿದುದರಿಂದ ಯಾತ್ರೆ ಅರ್ಧಕ್ಕೆ ನಿಂತಿತು. ಚಿತ್ತವನ್ನು ಒಳಮುಖಗೊಳಿಸಿ ಪರತತ್ತ್ವದಲ್ಲಿ ಒಂದಾಗುವುದೇ ಇವನ ಸಾಧನೆ. ತಾನು ಜತೆಗಿದ್ದ ಕಾಲದಲ್ಲಿ ಗುರುವಿಗೆ ಆ ಅನುಭವ ನಾಲ್ಕು ಬಾರಿ ದೊರೆಯಿತೆಂದು ಶಿಷ್ಯ ಪೋರ್ಫಿರಿ ಬರೆದಿದ್ದಾನೆ.

ಇವನ ಪಾಠಶಾಲೆಗೆ ನಾಸ್ಟಿಕರೆಂಬವರೂ ಬರುತ್ತಿದ್ದರು. ಹೆಸರು ಕಿವಿಗೆ ‘ನಾಸ್ತಿಕ’ದಂತೆ ಕೇಳಿಸಿದರೂ ಅರ್ಥ ಬೇರೆಯೇ; ಗ್ರೀಕರ ‘ಗ್ನೋಸಿಸ್’ ಮತ್ತು ನಮ್ಮ ‘ಜ್ಞಾನ’ ಒಂದೇ ಮೂಲದ ಪದಗಳು. ಈ ಲೋಕವನ್ನು ಅಜ್ಞಾನಿಯಾದ ಕೀಳು ಕರ್ತೃವೊಬ್ಬನು ನಿರ್ಮಿಸಿದನು, ಗೂಢಜ್ಞಾನ ಪಡೆದ ಕೆಲವರು ಮಾತ್ರ ಇದರಿಂದ ಪಾರಾಗುವರು ಎಂಬುದು ಅವರ ಮತ. ಪೋರ್ಫಿರಿ ಹೆಸರಿಸಿದ ಅವರ ಕೆಲವು ಗ್ರಂಥಗಳ ಹೆಸರನ್ನೇ ಹೊತ್ತ ಹಸ್ತಪ್ರತಿಗಳು 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ದೊರೆತವು.

ಜೀವವು ಮೇಲಿನಿಂದ ಇಳಿದುದು, ಮರಳಿ ಏರಬೇಕಾದುದು ಎಂಬ ಮಾತು ಇಬ್ಬರಿಗೂ ಪ್ಲೇಟೋವಿನಿಂದಲೇ ಬಂದುದು. ಆದರೂ ಪ್ಲೋಟಿನಸ್ ಅವರ ವಿರುದ್ಧ ಒಂದು ಪ್ರಕರಣವನ್ನೇ ಬರೆದನು. ಸುಂದರವಾದ ಮನೆಯೊಂದರಲ್ಲಿ ವಾಸಿಸುತ್ತಲೇ ಮನೆಯನ್ನೂ ಕಟ್ಟಿದವನನ್ನೂ ಹಳಿಯುವ ಮನುಷ್ಯನಿಗೆ ಅವರನ್ನು ಹೋಲಿಸಿದನು. ಸದ್ಗುಣದ ಸಾಧನೆಯನ್ನು ಕಲಿಸದೆ ದೇವರ ಕಡೆ ನೋಡೆಂದರೆ ಏನು ಫಲವೆಂದು ಕೇಳಿದನು. ಇಷ್ಟರಮಟ್ಟಿಗೆ ಅವನ ವಾದವನ್ನು ಒಪ್ಪಲೇಬೇಕು. ಆದರೆ ಶಿಷ್ಯ ಅಮೇಲಿಯಸ್ ದೇವಾಲಯಗಳಿಗೆ ಹೋಗೋಣವೆಂದು ಕರೆದಾಗ, ದೇವತೆಗಳೇ ತನ್ನ ಬಳಿಗೆ ಬರಬೇಕೇ ಹೊರತು ತಾನು ಹೋಗುವುದಲ್ಲವೆಂದನಂತೆ! ಅದರ ಅರ್ಥವನ್ನು ಕೇಳುವ ಧೈರ್ಯ ಶಿಷ್ಯರಿಗೆ ಆಗಲಿಲ್ಲ.

ಆದವಾನಿ ಸೀಮೆಯ ಹಿರಿಯರು ಇಲ್ಲಿ ಬೇರೆ ದಾರಿ ಹಿಡಿದರು. ಮಧ್ವಮತದಲ್ಲಿ ಜಗತ್ತು ಸತ್ಯ. ಅಪರೋಕ್ಷಜ್ಞಾನವೂ ಹರಿಯ ಪ್ರಸಾದ. ಪ್ರಸಾದವಾಗಿ ಬಂದುದರಲ್ಲಿ ಜ್ಞಾನಿಗೆ ಗರ್ವವೆಲ್ಲಿಯದು? ‘ನ್ಯಾಯಸುಧಾ’ಕ್ಕೆ ‘ಪರಿಮಳ’ವೆಂಬ ವ್ಯಾಖ್ಯಾನ ಬರೆದ ರಾಘವೇಂದ್ರತೀರ್ಥರು ಮೂಲರಾಮನ ಅರ್ಚನೆಯನ್ನು ಬಿಟ್ಟವರಲ್ಲ, 1671ರಲ್ಲಿ ತುಂಗಭದ್ರೆಯ ದಡದ ಮಂಚಾಲೆಯಲ್ಲಿ ಬೃಂದಾವನಸ್ಥರಾದರು. ಚೀಕಲಪರವಿಯ ವಿಜಯದಾಸರು ಕಾಶಿಯಿಂದ ತಿರುಪತಿಯವರೆಗೆ ಕ್ಷೇತ್ರಗಳನ್ನು ಸುತ್ತಿ, 1755ರಲ್ಲಿ ಆಲೂರು ಸಮೀಪದ ಚಿಪ್ಪಗಿರಿಯಲ್ಲಿ ದೇಹ ಬಿಟ್ಟರು. ಶಾಸ್ತ್ರದ ಗಹನವಾದ ಮಾತನ್ನು ಕನ್ನಡದ ಸುಳಾದಿಗಳಲ್ಲಿ ಹಾಡಿ, ಸಂಸ್ಕೃತ ಬಾರದವರ ಕಿವಿಗೂ ಮುಟ್ಟಿಸಿದರು. ನಾಸ್ಟಿಕರು ಮುಚ್ಚಿಟ್ಟಂತಹ ಜ್ಞಾನ ಇಲ್ಲಿ ಬೀದಿಗೆ ಬಂದಿತು.

ಹಾಡು ಬೀದಿಗೆ ಬಂದರೂ ದೇವಾಲಯದ ಬಾಗಿಲು ಬಹುಕಾಲ ಎಲ್ಲರಿಗೂ ತೆರೆದಿರಲಿಲ್ಲ. ಅದಕ್ಕೆ 1947ರ ಮದ್ರಾಸ್ ದೇವಾಲಯ ಪ್ರವೇಶ ಶಾಸನವೇ ಬರಬೇಕಾಯಿತು. ಆಗ ಆದವಾನಿ, ಆಲೂರುಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು.