ಅಳತೆಯ ಹಗ್ಗವೂ ಕರುಣೆಯೂ



ನಮ್ಮ ಸಭೆಗಳಲ್ಲಿ ಒಂದಕ್ಕೆ ಸೇರಿದ ಒಬ್ಬ ಸಹೋದರನು ಸ್ಥಳೀಯ ಸಂಸ್ಥೆಯೊಂದರಲ್ಲಿ ಮನೆತೆರಿಗೆಯ ಕೆಲಸವನ್ನು ಮೇಲ್ವಿಚಾರಣೆ ಮಾಡುವವನಾಗಿದ್ದಾನೆ. ಆ ಸಂಸ್ಥೆಯು ನಂಜನಗೂಡಿನ ಕಡೆಯದೋ ತಿರುಮಕೂಡಲು ನರಸೀಪುರದ ಕಡೆಯದೋ ಎಂಬದನ್ನು ನಾವು ತಿಳಿಸುವದಿಲ್ಲ. ತಿಳಿಸಿದರೆ ವಾಚಕರು ವಿಷಯವನ್ನು ಬಿಟ್ಟು ಮನುಷ್ಯನನ್ನು ಹುಡುಕುವರು. ಅವನು ತಾನೇ ಹಗ್ಗ ಹಿಡಿದು ಮನೆಗಳನ್ನು ಅಳೆಯುವವನಲ್ಲ, ಅಳೆಯುವವರ ಮೇಲೆ ಇರುವವನು. ಕರವಸೂಲಿಗಾರರು ತಂದ ಲೆಕ್ಕವನ್ನು ನೋಡಿ ರುಜು ಹಾಕುವದು ಅವನ ಕೆಲಸ. ಒಂದು ಸಾಯಂಕಾಲ ಪ್ರಾರ್ಥನೆ ಮುಗಿದು ಜನರೆಲ್ಲರೂ ಹೋದ ಮೇಲೆ ಅವನು ಹಿಂದೆಯೇ ಉಳಿದುಕೊಂಡು, “ಉಪದೇಶಿಗಳೇ, ಒಂದು ಧರ್ಮಸಂಕಟ” ಎಂದನು.

ಸಂಕಟವು ಇದೇ. ಅವನ ತಾಯಿಯು ತೀರಿಕೊಂಡ ಮೇಲೆ ಅವನನ್ನು ಸಾಕಿ ಓದಿಸಿದವಳು ಅವನ ಚಿಕ್ಕಮ್ಮ. ಆಕೆ ವಿಧವೆ. ಆಕೆಯ ಹಂಚಿನ ಮನೆಯ ಹಿಂಭಾಗದಲ್ಲಿ ಕೆಲವು ವರ್ಷಗಳ ಕೆಳಗೆ ತಾರಸಿ ಹಾಕಿ ಮೇಲೆ ಎರಡು ಕೋಣೆಗಳನ್ನು ಕಟ್ಟಿಸಿ, ಕಾರ್ಖಾನೆಗೆ ಹೋಗುವ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದಾಳೆ. ಬೀದಿಯ ಕಡೆಯ ಪಡಸಾಲೆಯು ಅಂಗಡಿಯಾಗಿದೆ. ಆದರೆ ತೆರಿಗೆಯ ಘೋಷಣಾ ಪತ್ರದಲ್ಲಿ ಇಂದಿಗೂ ಹಳೇ ಹಂಚಿನ ಮನೆ ಮಾತ್ರವೇ ಇದೆ. ಕರವಸೂಲಿಗಾರನು ಆ ಕಾಗದವನ್ನು ಮೇಜಿನ ಮೇಲಿಟ್ಟು, “ಸಾರ್, ಇದು ನಿಮ್ಮವರ ಮನೆ. ಏನು ಬರೆಯಲಿ?” ಎಂದು ಕೇಳಿದನಂತೆ. ನಮ್ಮ ಸಹೋದರನು ಅದನ್ನು ನಾಳೆಗೆ ಇಡು ಎಂದು ಹೇಳಿ ನಮ್ಮ ಬಳಿಗೆ ಬಂದಿದ್ದನು.

ನಾವು ಆಗ ಹೆಚ್ಚು ಯೋಚಿಸದೆ ಉತ್ತರ ಕೊಟ್ಟೆವು. ವಿಧವೆಯ ಗಂಜಿಯನ್ನು ಕಿತ್ತು ಬೊಕ್ಕಸವನ್ನು ತುಂಬುವದು ಯಾವ ಧರ್ಮ? ಆ ನಾಲ್ಕು ಕಾಸಿಲ್ಲದೆ ಊರಿನ ಬೊಕ್ಕಸವೇನೂ ಬತ್ತಿಹೋಗುವದಿಲ್ಲ, ನೋಡಿಯೂ ನೋಡದ ಹಾಗೆ ಇದ್ದುಬಿಡು ಎಂದೆವು. ಅವನು ಸಮಾಧಾನಪಟ್ಟು ಹೋದನು. ಆ ಉತ್ತರವು ತಪ್ಪಾಗಿತ್ತೆಂದು ಈಗ ನಮಗೆ ತೋರುವದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಹಳ್ಳಿಯ ವಾಚಕರಿಗಾಗಿ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಪೂರ್ವದಲ್ಲಿ ಪಟ್ಟಣಗಳ ಮನೆಗಳಿಗೆ, ಇಂಥ ಮನೆಯು ವರುಷಕ್ಕೆ ಎಷ್ಟು ಬಾಡಿಗೆ ತರಬಹುದೆಂದು ಅಧಿಕಾರಿಯು ಅಂದಾಜು ಮಾಡಿ ತೆರಿಗೆ ಕಟ್ಟುತ್ತಿದ್ದನು. ಆ ಅಂದಾಜಿನ ಸಂದಿಯಲ್ಲಿ ಏನೇನು ನಡೆಯುತ್ತಿತ್ತೆಂಬದನ್ನು ವಯಸ್ಸಾದವರು ಬಲ್ಲರು. 2002–03ರಿಂದ ನಮ್ಮ ರಾಜ್ಯದ ನಗರಸಭೆ ಪುರಸಭೆಗಳಲ್ಲಿ ಮನೆಯ ಯಜಮಾನನೇ ತನ್ನ ನಿವೇಶನವೆಷ್ಟು, ಕಟ್ಟಡವೆಷ್ಟು, ಅದು ಎಂಥದು, ವಾಸಕ್ಕೋ ವ್ಯಾಪಾರಕ್ಕೋ ಎಂದು ಬರೆದುಕೊಟ್ಟು, ಉಪನೋಂದಣಾಧಿಕಾರಿಯ ಕಚೇರಿಯ ಮಾರ್ಗಸೂಚಿ ಬೆಲೆಯನ್ನು ಆಧಾರ ಮಾಡಿಕೊಂಡು, ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿಯನ್ನು ಕಳೆದು, ತೆರಿಗೆಯನ್ನು ತಾನೇ ಲೆಕ್ಕ ಹಾಕಿ ಕಟ್ಟುವ ಕ್ರಮವು ಬಂತು. ಇದಕ್ಕೆ ಸ್ವಯಂ ಘೋಷಿತ ಆಸ್ತಿ ತೆರಿಗೆ ಎನ್ನುತ್ತಾರೆ. ಗ್ರಾಮಗಳಲ್ಲಾದರೋ 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಗ್ರಾಮಪಂಚಾಯತಿಯು ತೆರಿಗೆಯನ್ನು ಗೊತ್ತುಮಾಡುತ್ತದೆ. 2013ರಿಂದ ಇ-ಸ್ವತ್ತು ಎಂಬ ಗಣಕಯಂತ್ರದ ದಾಖಲೆಯಿಂದ ನಮೂನೆ 9 ಮತ್ತು ನಮೂನೆ 11 ಸಿಗುತ್ತವೆ. (ತೆರಿಗೆ ಕಟ್ಟಿದ ರಸೀತಿಯೂ ಖಾತೆಯೂ ಹಕ್ಕುಪತ್ರವಲ್ಲ. ಅದನ್ನೇ ನೆಚ್ಚಿ ಕ್ರಯಪತ್ರವನ್ನು ನೋಡದೆ ಮನೆ ಕೊಂಡು ಅತ್ತವರನ್ನು ನಾವು ಕಂಡಿದ್ದೇವೆ.)

ಹೀಗೆ ಯಜಮಾನನ ಮಾತನ್ನೇ ನಂಬುವ ಕ್ರಮದಲ್ಲಿ ಮೇಲ್ವಿಚಾರಕನಿಗೆ ಉಳಿದ ಅಧಿಕಾರವು ಯಾವದು? ಎಲ್ಲಾ ಪತ್ರಗಳನ್ನು ಪರೀಕ್ಷಿಸಲು ಜನರೂ ಇಲ್ಲ, ಹೊತ್ತೂ ಇಲ್ಲ. ಆದದರಿಂದ ಕೆಲವನ್ನು ಆರಿಸಿ, ಆ ಮನೆಗಳಿಗೆ ಹೋಗಿ ಅಳೆದು ನೋಡುತ್ತಾರೆ. ಸುಳ್ಳು ಕಂಡರೆ ವ್ಯತ್ಯಾಸವನ್ನೂ ದಂಡವನ್ನೂ ಹಾಕುತ್ತಾರೆ. ಯಾವ ಮನೆಯನ್ನು ಅಳೆಯಬೇಕು, ಯಾವದನ್ನು ಬಿಡಬೇಕು ಎಂಬ ಆರಿಸುವಿಕೆಯೇ ಆ ಅಧಿಕಾರ. ನಾವು ಆ ಸಾಯಂಕಾಲ ಕೊಟ್ಟ ಬುದ್ಧಿವಾದವು ಮುಟ್ಟಿದ್ದು ಇದೇ ಜಾಗವನ್ನು.

ಹದಿನೈದು ದಿವಸಗಳ ತರುವಾಯ ಅದೇ ಊರಿನ ಕಾಲೋನಿಯಲ್ಲಿ ಮನೆಗಳನ್ನು ಸಂಧಿಸುತ್ತಿದ್ದಾಗ ಒಬ್ಬನು ನಮಗೆ ಒಂದು ನೋಟೀಸನ್ನು ತೋರಿಸಿದನು. ಅವನ ಮನೆಯ ಮುಂದೆ ತಗಡಿನ ಮಾಡು ಇಳಿಸಿದ ಜಗಲಿಯಿದೆ. ಅಲ್ಲಿ ಹೆಂಡತಿಯು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಅದನ್ನು ಅಳೆದು ಅಂಗಡಿಯೆಂದು ಬರೆದು ದಂಡ ಹಾಕಿದ್ದರು. ಆ ಸಾಲಿನಲ್ಲಿ ಏಳು ಮನೆಗಳನ್ನು ಅಳೆದಿದ್ದರು. ದೊಡ್ಡ ಬೀದಿಯಲ್ಲಿ ಎಷ್ಟು ಅಳೆದರೆಂದು ವಿಚಾರಿಸಲಾಗಿ, ಒಂದೂ ಇಲ್ಲ! ಈ ಎರಡು ಪಟ್ಟಣಗಳೂ ಯಾತ್ರಾಸ್ಥಳಗಳೆಂಬದನ್ನು ವಾಚಕರು ಬಲ್ಲರು. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ದೊಡ್ಡ ಜಾತ್ರೆ; ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆಗಳ ಸಂಗಮ, 1989ರಿಂದ ಅಲ್ಲಿ ಕುಂಭಮೇಳ. ದೊಡ್ಡ ಬೀದಿಯ ಮನೆಗಳು ವಾಸದ ಮನೆಗಳೆಂದು ಬರೆದುಕೊಂಡು ಕೋಣೆಗಳನ್ನು ಯಾತ್ರಿಕರಿಗೆ ದಿನಬಾಡಿಗೆಗೆ ಕೊಡುವದನ್ನು ಬೀದಿಯ ಮಕ್ಕಳೂ ಬಲ್ಲರು. ಕರವಸೂಲಿಗಾರನನ್ನೇ ನಾವು ಕೇಳಿದೆವು. ಅವನು ಕೆಟ್ಟವನಲ್ಲ. “ಸ್ವಾಮೀ, ಅಲ್ಲಿ ಟೇಪು ಬಿಚ್ಚುವದಕ್ಕೆ ಮುಂಚೆ ಮೆಂಬರಿಗೆ ಫೋನು ಹೋಗುತ್ತದೆ. ಇಲ್ಲಿಯಾದರೆ ಕುಡಿಯುವದಕ್ಕೆ ನೀರು ಕೊಟ್ಟು ಟೇಪಿನ ಇನ್ನೊಂದು ತುದಿಯನ್ನು ಅವರೇ ಹಿಡಿದುಕೊಳ್ಳುತ್ತಾರೆ” ಎಂದನು.

ಆ ಮಾತು ನಮ್ಮನ್ನು ಬಹಳ ಕಾಲ ಬಿಡಲಿಲ್ಲ. ಚಿಕ್ಕಮ್ಮನ ಮನೆಯನ್ನು ಬಿಡು ಎಂದು ನಾವು ಹೇಳಿದ್ದೂ, ದೊಡ್ಡ ಬೀದಿಯನ್ನು ಬಿಡು ಎಂದು ಮೆಂಬರು ಹೇಳಿದ್ದೂ ಒಂದೇ ಮಾತಲ್ಲವೋ? ನಮ್ಮದಕ್ಕೆ ಕರುಣೆಯೆಂದೂ ಅವರದಕ್ಕೆ ಪಕ್ಷಪಾತವೆಂದೂ ನಾವೇ ಹೆಸರಿಟ್ಟುಕೊಂಡಿದ್ದೆವು. ಮೇಲ್ವಿಚಾರಕನಿಗೆ ಬೇಕಾದವರು ಯಾರೂ ಇಲ್ಲದ ಬೀದಿಗೆ ಹಗ್ಗವು ತಾನಾಗಿ ಹೋಗಿ ಬೀಳುವದು. ಅಷ್ಟಕ್ಕೆ ಯಾರ ದ್ವೇಷವೂ ಬೇಕಾಗಿಲ್ಲ.

ಇದು ನಮ್ಮ ಸೀಮೆಯ ರೋಗ ಮಾತ್ರವಲ್ಲ. ಅಮೇರಿಕ ದೇಶದಲ್ಲಿ ಚಿಕಾಗೋ ನಗರವು ಸೇರಿರುವ ಕುಕ್ ಕೌಂಟಿಯಲ್ಲಿ ಕಡಮೆ ಬೆಲೆಯ ಮನೆಗಳಿಗೆ ಅವುಗಳ ನಿಜಬೆಲೆಗೆ ಮೀರಿದ ಹೊರೆಯೂ ಹೆಚ್ಚು ಬೆಲೆಯ ಮನೆಗಳಿಗೆ ಕಡಮೆ ಹೊರೆಯೂ ಬೀಳುತ್ತಿತ್ತೆಂಬದನ್ನು 2017ರಲ್ಲಿ ಚಿಕಾಗೋ ಟ್ರಿಬ್ಯೂನ್ ಪತ್ರಿಕೆಯು ಬಯಲಿಗೆ ತಂತು. ಅಲ್ಲಿಯೂ ಧನಿಕರು ವಕೀಲರನ್ನು ಇಟ್ಟು ಆಕ್ಷೇಪಣೆ ಸಲ್ಲಿಸಿ ಬೆಲೆಯನ್ನು ಇಳಿಸಿಕೊಳ್ಳುತ್ತಿದ್ದರು. ಮರುವರ್ಷ ಆ ಕಚೇರಿಯ ಮುಖ್ಯಸ್ಥನು ತನ್ನ ಪಕ್ಷದ ಚುನಾವಣೆಯಲ್ಲಿಯೇ ಸೋತನು.

ಹಳೇ ಮೈಸೂರು ಸೀಮೆಯಲ್ಲಿ 1863ರಲ್ಲಿ ಜಮೀನು ಸರ್ವೆಯು ಆರಂಭವಾದಾಗ ಮೂವತ್ತುಮೂರು ಅಡಿಯ ಸರಪಳಿಯಿಂದ ಹೊಲಗಳನ್ನು ಅಳೆದರು. ಸರಪಳಿಯ ಉದ್ದಗಲವು ಒಂದು ಗುಂಟೆ, ನಾಲ್ವತ್ತು ಗುಂಟೆಗೆ ಒಂದು ಎಕರೆ. ನಮ್ಮ ರೈತರು ಇಂದಿಗೂ ಲೆಕ್ಕ ಹೇಳುವದು ಹೀಗೆಯೇ. ಮಣ್ಣಿನ ಗುಣವನ್ನು ಆಣೆಗಳಲ್ಲಿ ಎಣಿಸಿದರು. ಕೆಳಗಿನವರು ಅಳೆದ ಹೊಲಗಳಲ್ಲಿ ಕೆಲವನ್ನು ಮೇಲಿನವರು ಮತ್ತೆ ಅಳೆದು ನೋಡುವದು ಆ ಕ್ರಮದ ಅಂಗವಾಗಿತ್ತು. ಅಳೆಯುವವನ ಕೈ ತಪ್ಪುವದೆಂದು ಆ ಕಾಲದವರಿಗೂ ಗೊತ್ತಿತ್ತು. ಅದನ್ನು ಮರೆಮಾಡದೆ ಕೆಲಸದೊಳಗೇ ಸೇರಿಸಿಕೊಂಡರು.

ಹಾಗಾದರೆ ವಿಧವೆಗೆ ಕರುಣೆಯೇ ಬೇಡವೋ? ಬೇಕು. ಆದರೆ ಅದು ಹಗ್ಗದೊಳಗೆ ಇರಬಾರದೆಂಬದು ನಮ್ಮ ಅಭಿಪ್ರಾಯ. ಯೆರಿಕೋವಿನ ಜಕ್ಕಾಯನ ಕಥೆಯನ್ನು ನಮ್ಮ ಮಕ್ಕಳೆಲ್ಲರೂ ಬಲ್ಲರು. ಅವನು ಮರ ಹತ್ತಿದ್ದನ್ನೇ ನಾವು ಹೆಚ್ಚಾಗಿ ಹೇಳುತ್ತೇವೆ. ಅವನು ಸಾಮಾನ್ಯ ಸುಂಕದವನಲ್ಲ, ಸುಂಕದವರ ಮೇಲಿನವನು, ನಮ್ಮ ಸಹೋದರನ ಹಾಗೆಯೇ ಮೇಲ್ವಿಚಾರಕನು. ಅವನು ಎರಡು ಲೆಕ್ಕಗಳನ್ನು ಬೇರೆ ಬೇರೆಯಾಗಿ ಇಟ್ಟನೆಂಬದನ್ನು ಗಮನಿಸಿರಿ. ಬಡವರಿಗೆ ಕೊಟ್ಟದ್ದು ತನ್ನ ಸ್ವಂತ ಆಸ್ತಿಯ ಅರ್ಧದಿಂದ. ವಂಚನೆಗೆ ಒಳಗಾದವರಿಗೆ ತೀರಿಸಿದ್ದು ನಾಲ್ಕರಷ್ಟು. ಸುಂಕದ ಪುಸ್ತಕವನ್ನು ತಿದ್ದಿ ಬಡವರಿಗೆ ಉಪಕಾರ ಮಾಡುತ್ತೇನೆಂದು ಅವನು ಹೇಳಲಿಲ್ಲ. ಇತರರ ಹಣದಿಂದ ಮಾಡುವ ದಾನವು ಬಹು ಸುಲಭವಾದದ್ದು. ನಾವು ಆ ಸಾಯಂಕಾಲ ಮಾಡಿದ್ದೂ ಅದನ್ನೇ.

ಆ ಹಣವು ಯಾರದು ಎಂಬದನ್ನೂ ನೋಡಿರಿ. ಪಟ್ಟಣದಲ್ಲಿ ನೂರು ರೂಪಾಯಿ ತೆರಿಗೆಯೊಂದಿಗೆ 6 ರೂಪಾಯಿ ಗ್ರಂಥಾಲಯ ಕರವೂ 3 ರೂಪಾಯಿ ಭಿಕ್ಷುಕರ ಕರವೂ ಸೇರಿ ಬರುತ್ತವೆ. ಎರಡನೆಯದು 1975ರ ಕಾಯಿದೆಯಂತೆ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಸಲ್ಲತಕ್ಕದ್ದು. ವಿಧವೆಗೆಂದು ಬಿಟ್ಟ ತೆರಿಗೆಯಲ್ಲಿ ಭಿಕ್ಷುಕನ ಪಾಲೂ ಹೋಗುತ್ತದೆ. ಬೀದಿಯ ದೀಪವೂ ಚರಂಡಿಯೂ ಉಳಿದ ಮನೆಗಳವರ ತಲೆಯ ಮೇಲೆ ಬೀಳುತ್ತವೆ. ಕರುಣೆಗೆ ಬೇರೆ ಬಾಗಿಲುಂಟು. 2019ರ ಆಗಸ್ಟಿನಲ್ಲಿ ಕಪಿಲೆಯು ಉಕ್ಕಿ ನಂಜನಗೂಡಿನ ತಗ್ಗಿನ ಮನೆಗಳಿಗೆ ನುಗ್ಗಿದಾಗ ಯಾರೂ ಅಳತೆಯನ್ನು ತಿದ್ದಿ ಪರಿಹಾರ ಕೊಡಬೇಕಾಗಿರಲಿಲ್ಲ. ಬಿದ್ದ ಮನೆಗಳನ್ನು ಪಟ್ಟಿಮಾಡಿ ಬಹಿರಂಗವಾಗಿ ಕೊಡುವ ದಾರಿಯಿತ್ತು. ಬಡವರಿಗೆ ವಿನಾಯಿತಿ ಬೇಕಾದರೆ ಜನರು ಆರಿಸಿದ ಸಭೆಯು ಕೂತು ಎಲ್ಲರ ಎದುರಿಗೆ ಕೇಳಲಿ, ಬರೆಯಲಿ. ಆಗ ಕಾಲೋನಿಯ ಹೊಲಿಗೆಯವಳಿಗೂ ಅದು ಸಿಕ್ಕುವದು.

ಇಲ್ಲಿ ನಮ್ಮ ಸಭೆಗಳವರಿಗೆ ಒಂದು ಮಾತು. ದೇವಾರಾಧನೆಗೆ ಮಾತ್ರ ಉಪಯೋಗವಾಗುವ ಸ್ಥಳಕ್ಕೆ, ಅದು ಗುಡಿಯಾಗಲಿ ಮಸೀದಿಯಾಗಲಿ ದೇವಾಲಯವಾಗಲಿ, ಕಾಯಿದೆಯು ತೆರಿಗೆಯನ್ನು ಬಿಟ್ಟಿದೆ. ಆದರೆ ಕಾಂಪೌಂಡಿನ ಮೂಲೆಯಲ್ಲಿ ಸೈಕಲ್ ರಿಪೇರಿಗೆ ಬಾಡಿಗೆಗೆ ಕೊಟ್ಟ ಮಳಿಗೆಯು ಆರಾಧನೆಯ ಸ್ಥಳವೋ? ನಾವು ಒಂದು ಸಭೆಯ ಹಿರಿಯರನ್ನು ಇದರ ಬಗ್ಗೆ ವಿಚಾರಿಸಿದೆವು. ಅವರು ಮಳೆಯ ವಿಷಯವನ್ನು ಮಾತಾಡಿದರು.

ನಾವು ಸಹೋದರನನ್ನು ಕರೆದು, ಹಿಂದೆ ಕೊಟ್ಟ ಬುದ್ಧಿವಾದವನ್ನು ಹಿಂತೆಗೆದುಕೊಂಡೆವು. ಅವನು ಏನೂ ಹೇಳದೆ ಕೇಳಿಸಿಕೊಂಡನು. ಆ ವಾರವೇ ಅವನು ಪುಸ್ತಕದಲ್ಲಿ ಪ್ರತಿ ಇಪ್ಪತ್ತನೆಯ ನಂಬರಿನ ಮನೆಯನ್ನು ಅಳೆಯತಕ್ಕದ್ದೆಂದು ಕ್ರಮ ಮಾಡಿ, ಬೀದಿಯನ್ನು ಆರಿಸುವ ಸ್ವಾತಂತ್ರ್ಯವನ್ನು ಕರವಸೂಲಿಗಾರರಿಂದಲೂ ತನ್ನಿಂದಲೂ ತೆಗೆದುಬಿಟ್ಟನು. ದೊಡ್ಡ ಬೀದಿಯ ಐದು ಮನೆಗಳು ಅದರಲ್ಲಿ ಬಂದವು; ಫೋನುಗಳೂ ಬಂದವು. ಕಾಲೋನಿಯ ಏಳು ಮನೆಗಳ ಅಳತೆಯನ್ನು ತಾನೇ ಹೋಗಿ ಮತ್ತೆ ನೋಡಿದನು. ಹೊಲಿಗೆಯ ಜಗಲಿಯು ಅಂಗಡಿಯಲ್ಲವೆಂದು ತಿದ್ದಿದನು. ಚಿಕ್ಕಮ್ಮನ ಮನೆಯ ನಂಬರು ಇಪ್ಪತ್ತರಲ್ಲಿ ಬರಲಿಲ್ಲ. ಆದರೆ ಅವನಿಗೆ ಸುಳ್ಳು ಗೊತ್ತಿತ್ತು. ಗೊತ್ತಿದ್ದದ್ದನ್ನು ಗೊತ್ತಿಲ್ಲವೆಂದು ಮಾಡುವದಕ್ಕೆ ನಂಬರಿನ ಹಿಂದೆ ಅಡಗಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. ತಾನು ಕೈಯಿಡದೆ ಬೇರೊಬ್ಬನಿಂದ ಅಳೆಯಿಸಿ, ಬರುವ ಹೆಚ್ಚಿನ ತೆರಿಗೆಯನ್ನು ತನ್ನ ಸಂಬಳದಿಂದ ಕೊಡುವೆನೆಂದು ಹೇಳಲು ಆಕೆಯ ಮನೆಗೆ ಹೋದನು.

ಆಕೆ ಹಣವನ್ನು ಮುಟ್ಟಲಿಲ್ಲ. “ನಿನಗೆ ಉಣ್ಣಲಿಕ್ಕೆ ಇಟ್ಟಾಗ ನಾನು ಅಳೆದು ಇಡಲಿಲ್ಲ, ಮಗಾ” ಎಂದಳಂತೆ. ಆ ಮಾತಿಗೆ ಅವನ ಬಳಿಯಲ್ಲಿ ಉತ್ತರವಿರಲಿಲ್ಲ. ಅವನು ಬಂದು ನಮಗೆ ತಿಳಿಸಿದಾಗ ನಮಗೂ ತೋಚಲಿಲ್ಲ. ಕಳೆದ ಏಪ್ರಿಲಿನಲ್ಲಿ, ಮೊದಲ ತಿಂಗಳಲ್ಲಿ ಕಟ್ಟಿದವರಿಗೆ ನೂರಕ್ಕೆ ಐದು ರಿಯಾಯಿತಿ ಸಿಗುವದರಿಂದ, ಆಕೆ ಸಾಲಿನಲ್ಲಿ ಮುಂದಾಗಿಯೇ ಬಂದು ನಿಂತಿದ್ದಳು. ಪತ್ರದಲ್ಲಿ ಮೇಲಿನ ಎರಡು ಕೋಣೆಗಳೂ ಅಂಗಡಿಯೂ ಸರಿಯಾಗಿ ಬರೆದಿದ್ದವು. ನಮ್ಮ ಸಹೋದರನು ಕಿಟಕಿಯ ಒಳಗೆ ಕೂತಿದ್ದನು. ಆಕೆ ಅವನನ್ನು ದಾಟಿ ಪಕ್ಕದ ಗುಮಾಸ್ತನಿಗೆ ಕಾಗದವನ್ನು ಕೊಟ್ಟು, ಚಿಲ್ಲರೆಯನ್ನು ಎಣಿಸಿಕೊಂಡು ಹೋದಳು.