ಮೂರು ಮಿಲಿಮೀಟರ್ ಮುಂಚೆ

ಬೆಂಕಿ ಹತ್ತಿ ಹರಡಲು ಸಮಯ ಬೇಕು. ಎಂಜಿನ್ನಿಗೆ ಟೈಮಿಂಗ್ ಕೂರಿಸುವ ವಿದ್ಯೆಯೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಪಿಸ್ಟನ್ ತುತ್ತತುದಿ ಮುಟ್ಟಿದ ಗಳಿಗೆಗೆ ಸರಿಯಾಗಿ ಕಿಡಿ ಹಾರಿದರೆ ಸಾಕಲ್ಲ ಎಂದು ಹೊಸಬರಿಗೆ ಅನ್ನಿಸುತ್ತದೆ. ಹಾಗೆ ಕೂರಿಸಿದರೆ ಗಾಡಿ ಸ್ಟಾರ್ಟ್ ಆದೀತು, ಆದರೆ ಎಳೆಯುವುದಿಲ್ಲ. ಪೆಟ್ರೋಲ್ ಪೂರ್ತಿ ಉರಿದು ಒತ್ತಡ ಏರುವಷ್ಟರಲ್ಲಿ ಪಿಸ್ಟನ್ ಕೆಳಗಿಳಿಯುತ್ತಿರುತ್ತದೆ. ಚಕ್ರ ತಿರುಗಿಸಬೇಕಾಗಿದ್ದ ಬಿಸಿ ಸೈಲೆನ್ಸರಿನ ಪಾಲಾಗುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿ ಬೈಕ್‌ಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಅವುಗಳ 250 ಸಿಸಿ ಎಂಜಿನ್ನಿನಲ್ಲಿ ಪಿಸ್ಟನ್ 75 ಮಿ.ಮೀ. ಮೇಲೆ ಕೆಳಗೆ ಓಡಾಡುತ್ತದೆ. ಮೇಲಿನ ತುದಿ ತಲುಪಲು ಸುಮಾರು 3 ಮಿ.ಮೀ. ಬಾಕಿ ಇರುವಾಗಲೇ ಕಿಡಿ ಹಾರಬೇಕು, ಮಾದರಿಗೆ ತಕ್ಕಂತೆ ತುಸು ಆಚೀಚೆ. ಕ್ರ್ಯಾಂಕಿನ ಸುತ್ತಿನಲ್ಲಿ ಅದು ಹೆಚ್ಚುಕಡಿಮೆ 20 ಡಿಗ್ರಿ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಈ ಟೂ-ಸ್ಟ್ರೋಕ್ ಎಂಜಿನ್ನಿಗೆ ಸೆಕೆಂಡಿಗೆ 50 ಕಿಡಿ ಬೇಕು. ಪ್ರತಿ ಕಿಡಿಗೂ ಸಿಗುವ ಮುಂಗಡ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕಿಂತ ಒಂಚೂರು ಹೆಚ್ಚು, ಅಷ್ಟೇ. ಇಷ್ಟು ಸಣ್ಣ ಅವಧಿಯನ್ನು ಒಂದು ಸ್ಕ್ರೂಡ್ರೈವರ್ ಹಿಡಿದು ಕೈಯಿಂದ ಹೊಂದಿಸಬಹುದು ಎಂಬುದೇ ನನಗೆ ಬಹಳ ದೊಡ್ಡ ವಿಷಯ.

ಕಾಯಿಲ್‌ಗೆ ಹೋಗುವ ಕರೆಂಟನ್ನು ಕೂಡಿಸಿ ಕಡಿಯುವ ಸ್ವಿಚ್ಚೇ ಪಾಯಿಂಟ್. ಕಿಡಿ ಹಾರುವುದು ಅದು ಕೂಡಿದಾಗಲ್ಲ, ಬಿಟ್ಟುಕೊಂಡಾಗ. ಪಾಯಿಂಟ್ ತೆರೆದು ಕರೆಂಟ್ ಕಡಿದ ಕೂಡಲೇ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್‌ಗೆ ನುಗ್ಗುತ್ತದೆ. ಆದ್ದರಿಂದ ಟೈಮಿಂಗ್ ನೋಡುವುದೆಂದರೆ ಪಾಯಿಂಟ್ ಬಾಯಿ ಬಿಡುವ ಕ್ಷಣವನ್ನು ಹಿಡಿಯುವುದು. ಪ್ಲಗ್ ಬಿಚ್ಚಿ, ಆ ತೂತಿಗೆ ಡಯಲ್ ಗೇಜ್ ಕೂರಿಸಿ ಪಿಸ್ಟನ್ ಎಲ್ಲಿದೆ ಎಂದು ಅಳೆಯಬೇಕು. ಪಾಯಿಂಟ್ ನಡುವೆ ಸಿಗರೇಟ್ ಪ್ಯಾಕಿನ ತೆಳು ಹಾಳೆ ಸಿಕ್ಕಿಸಿ ಮೆಲ್ಲಗೆ ಎಳೆದು ಹಿಡಿದಿರಬೇಕು. ಎಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸುತ್ತ ಬಂದರೆ, ಹಾಳೆ ಸಡಿಲಾಗಿ ಜಾರಿದ್ದೇ ಆ ಕ್ಷಣ. ಸಣ್ಣ ಬಲ್ಬಿಗೆ ಎರಡು ವೈರ್ ಕಟ್ಟಿಕೊಂಡು ನೋಡುವವರೂ ಇದ್ದಾರೆ. ಗೇಜಿನ ಅಂಕಿಗೂ ಹಾಳೆ ಜಾರಿದ್ದಕ್ಕೂ ತಾಳೆಯಾಗದಿದ್ದರೆ ಪಾಯಿಂಟ್ ಕೂತ ಪ್ಲೇಟನ್ನು ಒಂದೆಳೆಯಷ್ಟು ಸರಿಸಬೇಕು.

ಪಾಯಿಂಟ್ ತೆರೆದಾಗಿನ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ. ಈ ಕ್ರಮ ತಪ್ಪಿಸಬಾರದು. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಕಿಡಿ ಮುಂಚೆ ಹಾರುತ್ತದೆ. ಕಡಿಮೆಯಾದರೆ ತಡವಾಗುತ್ತದೆ. ಕ್ಯಾಮ್‌ಗೆ ಸದಾ ಉಜ್ಜಿಕೊಳ್ಳುವ ಫೈಬರ್ ತುಂಡು ಸವೆಯುತ್ತ ಹೋದಂತೆ ಗ್ಯಾಪ್ ತಾನಾಗಿ ಕಿರಿದಾಗುತ್ತದೆ, ಕಿಡಿ ದಿನದಿನಕ್ಕೆ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ದಿನವೂ ಓಡಿಸುವವನಿಗೆ ಇದು ಗೊತ್ತೇ ಆಗುವುದಿಲ್ಲ. ಗಾಡಿಗೆ ವಯಸ್ಸಾಯಿತು ಎಂದುಕೊಂಡು ಸುಮ್ಮನಾಗುತ್ತಾನೆ. ವಯಸ್ಸಾಯಿತೆಂದು ಮೂಲೆಗೆ ಸೇರಿದ ಎಷ್ಟೋ ಗಾಡಿಗಳಿಗೆ ಬೇಕಾಗಿದ್ದದ್ದು ಗ್ಯಾಪ್ ಅಳೆಯುವ ಫೀಲರ್ ಗೇಜ್ ಹಿಡಿದ ಅರ್ಧ ಗಂಟೆಯ ತಾಳ್ಮೆ ಮಾತ್ರ ಎಂದು ನಾನು ನಂಬಿದ್ದೇನೆ.

ತೀರಾ ಮುಂಚೆ ಹಾರುವ ಕಿಡಿ ತಡವಾದ ಕಿಡಿಗಿಂತ ಅಪಾಯ. ಕಿಕ್ಕರ್ ಕಾಲಿಗೆ ವಾಪಸ್ ಹೊಡೆಯುತ್ತದೆ. ಟೂ-ಸ್ಟ್ರೋಕ್ ಎಂಜಿನ್ ಒಮ್ಮೊಮ್ಮೆ ಹಿಮ್ಮುಖವಾಗಿ ತಿರುಗತೊಡಗುವುದೂ ಉಂಟು. ಚಾಮುಂಡಿ ಬೆಟ್ಟದಂಥ ಏರಿನಲ್ಲಿ ಥ್ರಾಟಲ್ ಕೊಟ್ಟರೆ ಒಳಗಿನಿಂದ ಟಣಟಣ ಎನ್ನುವ ನಾಕಿಂಗ್ ಕೇಳಿಸುತ್ತದೆ. ಆ ಸದ್ದನ್ನು ಲೆಕ್ಕಿಸದೆ ಓಡಿಸಿದವರು ಕೊನೆಗೆ ನೋಡುವುದು ನೆತ್ತಿಯಲ್ಲಿ ತೂತು ಬಿದ್ದ ಪಿಸ್ಟನ್.

ಕೈಪಿಡಿಯಲ್ಲಿನ ಟೈಮಿಂಗ್ ಅಂಕಿ ಬರೆದದ್ದು ಹೊಸ ಎಂಜಿನ್ನಿಗೆ, ಆ ಕಾಲದ ಪೆಟ್ರೋಲಿಗೆ. ಆಮೇಲೆ 2000ದಲ್ಲಿ ದೇಶದ ಬಂಕ್‌ಗಳಲ್ಲಿ ಸೀಸ ಬೆರೆತ ಪೆಟ್ರೋಲ್ ನಿಂತಿತು. ಈಗ ಶೇ. 20ರಷ್ಟು ಎಥನಾಲ್ ಬೆರೆತದ್ದು ಬರುತ್ತಿದೆ. ಹಾಗಾಗಿ ಅಂಕಿಯಿಂದ ಶುರುಮಾಡಿ, ಏರು ರಸ್ತೆಯಲ್ಲಿ ಓಡಿಸಿ, ಕಿವಿಗೊಟ್ಟು ಕೇಳಿ ತೀರ್ಮಾನಿಸುವುದೇ ಸರಿ. ಬಲ್ಲ ಮೆಕ್ಯಾನಿಕ್‌ಗಳು ಹೀಗೇ ಮಾಡುತ್ತಾರೆ. ಅವರ ಪಕ್ಕ ಕೂತು ಕಲಿಯುವ ಹುಡುಗರು ಕಡಿಮೆಯಾಗುತ್ತಿರುವುದು ನನ್ನನ್ನು ನಿಜಕ್ಕೂ ಕಾಡುತ್ತದೆ.

ಪಾಯಿಂಟ್ ಕಿತ್ತು ಎಲೆಕ್ಟ್ರಾನಿಕ್ ಕಿಟ್ ಹಾಕಿಸಿಬಿಟ್ಟರೆ ಈ ತಲೆನೋವಿಲ್ಲ ಎನ್ನುವವರಿದ್ದಾರೆ. ಹಾಕಿಸಲಿ, ಸವೆಯುವ ಭಾಗವೊಂದು ಕಡಿಮೆಯಾಗುತ್ತದೆ, ಅದು ಒಳ್ಳೆಯದೇ. ಆದರೆ ಆ ಕಿಟ್ಟನ್ನು ಎಂಜಿನ್ನಿಗೆ ಕೂರಿಸುವಾಗಲೂ ಪಿಸ್ಟನ್ ಎಲ್ಲಿರುವಾಗ ಕಿಡಿ ಹಾರಬೇಕು ಎಂದು ಯಾರಾದರೂ ಅಳೆದು ನೋಡಲೇಬೇಕು. ಸ್ಕ್ರೂ ಬಿಗಿಯುವಾಗ ಪ್ಲೇಟ್ ಕದಲುವುದುಂಟು, ಬಿಗಿದ ಮೇಲೆ ಇನ್ನೊಮ್ಮೆಯೂ ಅಳೆಯಬೇಕು.